ನ್ಯಾಮತಿಗೆ ಹದಿನೆಂಟು ತುಂಬಿತು

ಸಂಜೆ ದೀಪ ಹಾಕುವ ಹೊತ್ತಿಗೆ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂವರೂ ನಮ್ಮ ನಡುಮನೆಗೆ ಬರುತ್ತಿದ್ದರು. ಬರುತ್ತಿದ್ದರು ಎಂದರೆ ನನ್ನ ತಮ್ಮನ ಫೋನಿನೊಳಗೆ. ನಾಲ್ಕು ಜನ ಗುಂಪು ಕಟ್ಟಿಕೊಂಡು, ಬಂದೂಕು ಹಿಡಿದು, ಯಾವುದೋ ದ್ವೀಪದಲ್ಲಿ ಅಡಗುತ್ತ ಓಡುತ್ತ ಶತ್ರುಗಳನ್ನು ಹೊಡೆಯುವ ಆಟ ಅದು. ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದು. ಅವರು ಯಾರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಊರಿನ ಹೆಸರಿನಿಂದಲೇ ಕರೆಯುವುದು ಅವರ ಪದ್ಧತಿ. ನಾವಿರುವುದು ನ್ಯಾಮತಿಯಲ್ಲಿ, ಹಾಗಾಗಿ ನನ್ನ ತಮ್ಮ ಅವರಿಗೆ ನ್ಯಾಮತಿ.

ಚನ್ನಗಿರಿ ನಿಜವಾಗಿ ಕೆರೆಬಿಳಚಿಯವನು, ಅಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. "ಕೆರೆಬಿಳಚೀ ಅಂತ ಕೂಗಿ ಮುಗಿಸೋದ್ರಾಗೆ ನಾವೆಲ್ಲ ಸತ್ತಿರ್ತೀವಿ" ಎಂದು ಜಗಳೂರು ಅವನಿಗೆ ತಾಲ್ಲೂಕಿನ ಬಡ್ತಿ ಕೊಟ್ಟಿದ್ದಳು. ಹೌದು, ಜಗಳೂರು ಹುಡುಗಿ. ಡಿಗ್ರಿ ಓದುತ್ತಿದ್ದೇನೆ ಎಂದು ಹೇಳಿಕೊಂಡಿದ್ದಳು. ಗುಂಪಿನಲ್ಲಿ ಅವಳದೇ ದೊಡ್ಡ ಬಾಯಿ. ಹೊನ್ನಾಳಿ ಹೆಂಡತಿ ಮಕ್ಕಳಿರುವವನು, ಬೇಕರಿಯಲ್ಲಿ ಕೆಲಸ. ಬನ್ನಿನ ತಟ್ಟೆ ಒಲೆಯೊಳಗೆ ತಳ್ಳಿ ಬಂದು ಆಡಲು ಕೂರುತ್ತಿದ್ದ. ಬನ್ನು ಸೀದ ದಿನ ಬೈಗುಳ ಎಲ್ಲರಿಗೂ ಸಮವಾಗಿ ಸಿಗುತ್ತಿತ್ತು.

ಇಲ್ಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವ ಸಂಜೆಗಳಲ್ಲಿ ನನ್ನ ತಮ್ಮ ಇರಲಿಲ್ಲ. ದೀಪಾವಳಿ ಕಳೆದ ವಾರ ಹೊನ್ನಾಳಿ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಅವನ ಬೈಕು ಹೋಗಿ ಬಡಿಯಿತು. ಪಂಚಶೀಲ ಹೇಳಿಸಿ ಮಣ್ಣು ಮಾಡಿ ಬಂದೆವು. ಅವನ ಫೋಟೋ ಬುದ್ಧನ ಫೋಟೋದ ಪಕ್ಕಕ್ಕೆ ಹೋಯಿತು. ಮರುದಿನದ ಪೇಪರಿನಲ್ಲಿ 'ಬಾಲಕ ಸಾವು' ಎಂದು ಸಣ್ಣದಾಗಿ ಬಂದಿತ್ತು. ಯಾರೋ ಓದಿ ಹೇಳಿದ್ದಕ್ಕೆ ಅವ್ವ, "ಬಾಲಕ ಅಂತೆ. ಮೀಸೆ ಬಂದಿತ್ತಲ್ಲೇ ಅವಂಗೆ" ಎಂದಳು. ಆಮೇಲೆ ಬಾಯಿ ಮುಚ್ಚಿದವಳು ತೆರೆಯಲಿಲ್ಲ. ತುತ್ತು ಇಟ್ಟರೆ ತಿನ್ನುವಳು, ಇಡದಿದ್ದರೆ ಇಲ್ಲ. ಗೋಡೆಗೆ ಒರಗಿ ಕೂತರೆ ಕೂತೇ ಇರುವಳು.

ನಾನು ಅಳಲಿಲ್ಲ. ಓಣಿಯ ಹೆಂಗಸರು ಆಡಿಕೊಂಡರು. ಅಳು ಬರದಿದ್ದರೆ ಏನು ಮಾಡಲಿ, ಕಣ್ಣಿಗೆ ಈರುಳ್ಳಿ ಹಿಂಡಿಕೊಳ್ಳಲಾ? ನಾನು ರವಿಕೆ ಹೊಲಿಯುವವಳು. ಮದುವೆ ಕಾಲ, ಒಪ್ಪಿಕೊಂಡ ಬಟ್ಟೆ ರಾಶಿ ಬಿದ್ದಿತ್ತು. ಬೇಗನೆ ಮೆಷಿನ್ನಿನ ಮುಂದೆ ಕೂತೆ. ಕೈ ಕಾಲು ಅವುಗಳ ಪಾಡಿಗೆ ಕೆಲಸ ಮಾಡುತ್ತಿದ್ದವು, ಒಳಗೆ ಏನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗಿತ್ತು. ಈಗಲೂ ಬಹುಮಟ್ಟಿಗೆ ಹಾಗೇ ಇದೆ.

ಅವನ ಫೋನು ಮಾತ್ರ ಸಂಜೆಯಾದರೆ ಹೊಡೆದುಕೊಳ್ಳುತ್ತಿತ್ತು. ಆಟಕ್ಕೆ ಬಾ, ಆಟಕ್ಕೆ ಬಾ ಎಂದು. ಒಂದು ದಿನ ರೇಗಿ ಹೋಯಿತು. ಎತ್ತಿಕೊಂಡು ಒತ್ತಿದೆ. ಅವರ ಮಾತು ಕೇಳಿಸಿತು, ನನ್ನ ಮಾತು ಅವರಿಗೆ ಹೋಯಿತು. "ನಾನು ಅವನ ಅಕ್ಕ. ಅವನು ತೀರ್ಕಂಡ. ಇನ್ಮೇಲೆ ಕರೀಬ್ಯಾಡ್ರಿ" ಎಂದೆ. ಆ ಕಡೆ ಬೇಕರಿಯಲ್ಲಿ ಯಾರೋ ತಟ್ಟೆ ಕೆಳಗಿಟ್ಟ ಸದ್ದು ಬಂತು, ಅಷ್ಟೆ. ನಾನೇ ಆರಿಸಿದೆ.

ಮರುದಿನ ಮತ್ತೆ ಹೊಡೆದುಕೊಂಡಿತು. ಈ ಸಲ ಚನ್ನಗಿರಿ ಮಾತಾಡಿದ. "ಅಕ್ಕಾ, ತಪ್ಪು ತಿಳ್ಕಬ್ಯಾಡ್ರಿ. ನ್ಯಾಮತಿ ಜಾಗಕ್ಕೆ ಬ್ಯಾರೆಯವರನ್ನ ಸೇರಿಸ್ಕಳ್ಳಾಕೆ ಮನಸಾಗ್ತಿಲ್ಲ. ನೀವೇ ಬರ್ರಿ. ಸುಮ್ಕೆ ನಿಂತಿದ್ರೂ ಸಾಕು, ನಾವು ನೋಡ್ಕಂತೀವಿ."

"ನಂಗೆ ರವಿಕೆ ಹೊಲಿಯಾಕೆ ಬರ್ತೈತೆ, ಗುಂಡು ಹೊಡೆಯಾಕೆ ಬರಲ್ಲ" ಎಂದೆ.

"ಕಲಿಸ್ತೀವಿ ಬರ್ರಿ" ಎಂದ ಹೊನ್ನಾಳಿ. "ಅವನಿಗೇನು ಬರ್ತಿತ್ತಾ? ನಮ್ಮನ್ನೇ ಹೊಡೆದಿದ್ದ ಎಷ್ಟೋ ಸಲ."

ಯಾಕೆ ಒಪ್ಪಿಕೊಂಡೆನೋ ಗೊತ್ತಿಲ್ಲ. ಬೇಡ ಎನ್ನಲು ಬೇಕಾದಷ್ಟು ಹಟವೂ ಆಗ ನನ್ನಲ್ಲಿ ಇರಲಿಲ್ಲ. ನಡುಮನೆಯಲ್ಲಿ ಕೂತು, ಅವರು ಹೇಳಿದ ಕಡೆ ಬೆರಳಿಟ್ಟೆ. ನನ್ನ ಬಂದೂಕು ಆಕಾಶಕ್ಕೆ ತಿರುಗಿತು, ಅಲ್ಲೇ ನಿಂತಿತು. ಜಗಳೂರು ಅಭ್ಯಾಸಬಲದಿಂದ ಕಿರುಚಿದಳು: "ಏ ನ್ಯಾಮತಿ, ಬಾರೋ! ಮೋಡ ಲೆಕ್ಕ ಹಾಕ್ತಿದೀಯೇನೋ, ಸೋಮಾರಿ!"

ಕಿರುಚಿದವಳು ತಕ್ಷಣ, "ಅಯ್ಯೋ ಸಾರಿ ಅಕ್ಕ, ಬಾಯಿ ತಪ್ತು" ಎಂದಳು. ಆದರೆ ಗೋಡೆಗೆ ಒರಗಿದ್ದ ಅವ್ವ ಕತ್ತು ತಿರುಗಿಸಿದ್ದಳು. ವಾರಗಟ್ಟಲೆ ತಿರುಗದಿದ್ದ ಕತ್ತು. "ಯಾರೇ ಅದು, ಅವನ್ನ ಕರೀತಿರೋದು?" ಎಂದು ಕೇಳಿದಳು.

ನಾನು ಫೋನಿಗೆ ಹೇಳಿದೆ: "ಏ ಹುಡುಗಿ, ಹಂಗೇ ಕರಿ. ಅಕ್ಕ ಗಿಕ್ಕ ಅನ್ನಬ್ಯಾಡ."

ಅವತ್ತು ಅವ್ವ ಲೋಟದ ತುಂಬ ಕಾಫಿ ಕುಡಿದಳು. ಮರುದಿನ ದೀಪ ಹಾಕುವ ಮೊದಲೇ ನನ್ನ ಪಕ್ಕ ಬಂದು ಕೂತಳು. ಆಟ ಏನೆಂದು ಅವಳಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ, "ನ್ಯಾಮತಿ ಬಾರೋ, ನ್ಯಾಮತಿ ಕೂತ್ಕಳೋ, ನ್ಯಾಮತಿ ಹಿಂದೆ ನೋಡೋ" ಎಂದು ಅವನ ಜೊತೆಗಾರರು ಕೂಗುವುದು. ಅದಾದ ಮೇಲೆ ಒಂದಿಷ್ಟು ಹೊತ್ತು ಅವಳು ಮನುಷ್ಯರ ಹಾಗೆ ಇರುತ್ತಿದ್ದಳು. ಹೊನ್ನಾಳಿ ಊಟ ಮಾಡಿದನಾ ಎಂದು ಕೇಳುತ್ತಿದ್ದಳು. ನನ್ನ ತಟ್ಟೆ ನೋಡಿ ಇನ್ನಷ್ಟು ಅನ್ನ ಹಾಕುತ್ತಿದ್ದಳು. ಆ ಒಂದು ಹೊತ್ತಿಗಾಗಿ ನಾನು ಆ ಹಾಳು ಆಟ ಕಲಿತೆ. ಚೆನ್ನಾಗಿಯೇ ಕಲಿತೆ, ಸುಳ್ಳೇಕೆ ಹೇಳಲಿ.

ಫೋನ್ ಮಾಡಿ ಮಾತಾಡಿಸಿದರೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡಿಸಿ ನೋಡಿದೆ. "ನಮಸ್ಕಾರ ಅವ್ವ, ಚೆನ್ನಾಗಿದೀರಾ ಅವ್ವ, ಊಟ ಆತಾ ಅವ್ವ." ಅಷ್ಟಕ್ಕೆ ಮೂವರ ನಾಲಿಗೆಯೂ ಕಟ್ಟಿಹೋಯಿತು. ಸಾವಿನ ಮನೆಗೆ ಬಂದವರ ದನಿ. ಅವ್ವ ಫೋನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದಳು. ಆಟದೊಳಗಾದರೆ ಶತ್ರು ಬೆನ್ನಟ್ಟುತ್ತಿರುತ್ತಾನೆ, ಯಾರಿಗೂ ಮರ್ಯಾದೆಗೆ ಪುರುಸೊತ್ತಿರುವುದಿಲ್ಲ.

ಫೆಬ್ರವರಿಯಲ್ಲಿ, ಸೂರಗೊಂಡನಕೊಪ್ಪದ ಜಾತ್ರೆಗೆ ಮಾಲೆ ಹಾಕಿದವರ ಗಾಡಿಗಳು ಸಾಲಾಗಿ ಹೋಗುವ ದಿನಗಳಲ್ಲಿ ಆ ಸುದ್ದಿ ಬಂತು. ಅಳತೆ ಕೊಡಲು ಬಂದ ಹೆಂಗಸೊಬ್ಬಳು ಹೇಳಿದಳು: "ಗೊತ್ತಾತೇನ್ರೀ, ಹುಡುಗ್ರು ಫೋನಿನಾಗೆ ಆಡಾಕೆ ಇನ್ನ ವಯಸ್ಸು ತೋರಿಸಬೇಕಂತೆ. ಸುಮ್ಕೆ ಇಪ್ಪತ್ತು ಅಂತ ಒತ್ತಿದ್ರೆ ಆಗಲ್ಲಂತೆ, ಪುರಾವೆ ಕೊಡಬೇಕಂತೆ. ಹದಿನೆಂಟರ ಒಳಗಿನೋರಿಗೆ ಅಪ್ಪ ಅವ್ವ ಒಪ್ಪಬೇಕಂತೆ. ಒಳ್ಳೇದಾತು ಬಿಡ್ರಿ. ನಮ್ಮನೇ ಹುಡುಗನ ಕಣ್ಣು ಉದುರೋದೊಂದು ಬಾಕಿ ಇತ್ತು."

ಅವಳ ತೋಳಿನ ಸುತ್ತ ಟೇಪು ಹಿಡಿದು ಹೂಂ ಎಂದೆ. ಒಳ್ಳೆಯದೇ ಎಂದೂ ಅಂದೆ. ಮಕ್ಕಳಿರುವವರಿಗೆ ಒಳ್ಳೆಯದಿರಬಹುದು, ನನಗೇನು. ನಮ್ಮ ಮನೆಗೆ ಅದು ಬಂದು ತಟ್ಟುತ್ತದೆ ಎಂದು ಆಗ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಯಾರು ಮಕ್ಕಳು?

ಕೆಲವು ದಿನಗಳಲ್ಲೇ ಆಟ ತೆರೆದರೆ ದ್ವೀಪ ಕಾಣಲಿಲ್ಲ. ಬಿಳಿ ಪರದೆ, ಅದರ ಮೇಲೆ ಕಚೇರಿ ಕನ್ನಡ: 'ನಿಮ್ಮ ವಯಸ್ಸನ್ನು ದೃಢೀಕರಿಸಿ.' ತಮ್ಮನ ಗುರುತಿನ ಚೀಟಿ ನನ್ನ ಹತ್ತಿರ ಇತ್ತು. ಸಂಖ್ಯೆ ಹೊಡೆದೆ, ಅವನ ಫೋನಿಗೇ ಬಂದ ಓಟಿಪಿ ಹೊಡೆದೆ. ಸ್ವಲ್ಪ ಹೊತ್ತು ಗಿರಗಿರ ತಿರುಗಿ ಅದು ಹೇಳಿತು: 'ನಿಮಗೆ ಹದಿನೇಳು ವರ್ಷ. ಮುಂದುವರಿಯಲು ಪೋಷಕರ ಅನುಮತಿ ಅಗತ್ಯ.'

ನನ್ನ ತಮ್ಮ ಸಾಯುವಾಗ ಅವನಿಗೆ ಹತ್ತೊಂಬತ್ತು ತುಂಬಿತ್ತು. ಚೀಟಿಯಲ್ಲಿ ಎರಡು ವರ್ಷ ಕಮ್ಮಿ. ಅದು ಅಪ್ಪನ ಕೆಲಸ.

ನಮ್ಮ ಕಡೆ ಇದೇನು ಹೊಸದಲ್ಲ. ಮನೆಯಲ್ಲೇ ಹುಟ್ಟಿದ ಮಕ್ಕಳಿಗೆ ಯಾವ ದಿನ ಹುಟ್ಟಿದ್ದು ಎಂಬ ಕಾಗದ ಇರುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಶಾಲೆಗೆ ಹಾಕುವ ವಯಸ್ಸಾಯಿತು ಎಂದು ಲೆಕ್ಕ. ಹುಟ್ಟಿದ ದಿನ ಹೆಡ್‌ಮಾಸ್ತರು ಬರೆದದ್ದು. ಶಾಲೆ ಶುರುವಾಗುವ ಕಾಲವಾದ್ದರಿಂದ ಅರ್ಧ ತರಗತಿಗೆ ಜೂನ್ ಒಂದೇ ಹುಟ್ಟುಹಬ್ಬ. ನನ್ನದೂ ಜೂನ್ ಒಂದು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನ. ನಮ್ಮ ವಂಶದಲ್ಲೇ ಮೊದಲ ಸರ್ಕಾರಿ ನೌಕರ. ನೌಕರಿಯಲ್ಲಿ ಇನ್ನೆರಡು ವರ್ಷ ಸಿಕ್ಕರೆ ಎಂಥ ಬೆಲೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಗನೂ ಸರ್ಕಾರಿ ಕೆಲಸಕ್ಕೆ ಸೇರುತ್ತಾನೆ, ಎರಡು ವರ್ಷ ತಡವಾಗಿ ನಿವೃತ್ತಿಯಾಗುತ್ತಾನೆ ಎಂದು ಅವನು ಹುಟ್ಟಿದಾಗಲೇ ಲೆಕ್ಕ ಹಾಕಿಕೊಂಡಿದ್ದ. ಹುಷಾರಿಲ್ಲದ ಹುಡುಗ ಎಂದು ನೆಪ ಮಾಡಿ ತಡವಾಗಿಯೇ ಶಾಲೆಗೆ ಕರೆದೊಯ್ದ. ನಾನೂ ಜೊತೆಗಿದ್ದೆ. ತಮ್ಮನ ಕೈ ಕಿವಿ ದಾಟಿ ಗಲ್ಲಕ್ಕೆ ಬಂದಿತ್ತು. ಹೆಡ್‌ಮಾಸ್ತರು ನಕ್ಕು, "ಏನ್ರೀ ಇದು, ಬಿಟ್ರೆ ಕೊರಳಿಗೇ ಬರ್ತೈತಲ್ಲ ಕೈ?" ಎಂದರು.

"ನಮ್ಮ ಮನೆತನದಾಗೆ ಎಲ್ಲರಿಗೂ ಕೈ ಉದ್ದ ಸಾರ್" ಎಂದ ಅಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ವಯಸ್ಸು ಈಗ ತುಂಬ್ತೈತೆ. ಜೂನ್ ಒಂದು ಅಂತ ಬರ್ಕಳ್ರಿ."

ಆ ಮಾತನ್ನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ. ತಮ್ಮನಂತೂ ಊಟಕ್ಕೆ ಕೂತಾಗ ನನ್ನ ತಟ್ಟೆಯಿಂದ ಹಪ್ಪಳ ಎತ್ತಿಕೊಂಡು, "ಮನೆತನದ ಕೈ ಕಣೇ" ಎನ್ನುತ್ತಿದ್ದ. ಡ್ರೈವಿಂಗ್ ಲೈಸೆನ್ಸು ಮಾಡಿಸಲು ಹೋದಾಗ ಮಾತ್ರ ಅವನಿಗೆ ನಗು ಬರಲಿಲ್ಲ. ಗೆಳೆಯರಿಗೆಲ್ಲ ಆಯಿತು, ಅವನಿಗೆ ಆಗಲಿಲ್ಲ. ಚೀಟಿಯ ಲೆಕ್ಕದಲ್ಲೇ ಪೇಪರಿನಲ್ಲೂ ಬಾಲಕನಾದ.

ಅವತ್ತು ಸಂಜೆ ಆಟ ತೆರೆಯಲಿಲ್ಲ. ಅವ್ವ ಬಂದು ಕೂತಳು, ಕಾದಳು, "ಯಾಕೆ ಕರೀತಿಲ್ಲ?" ಎಂದಳು. ನೆಟ್ವರ್ಕಿಲ್ಲ ಎಂದೆ. ಅವಳು ಕಾಫಿ ಮುಟ್ಟಲಿಲ್ಲ. ಮರುದಿನವೂ ಅಷ್ಟೆ. ಮತ್ತೆ ಗೋಡೆ, ಮತ್ತೆ ಬಾಯಿಗಿಟ್ಟರೆ ತುತ್ತು. ನಾನು ಅಪ್ಪನ ಮುಂದೆ ಫೋನು ಹಿಡಿದೆ.

ಅಪ್ಪ ಆ ಫೋನನ್ನು ಎಂದೂ ಮುಟ್ಟಿದವನಲ್ಲ. ತಮ್ಮ ಇದ್ದಾಗ ಮನೆಗೆ ಬರುತ್ತಲೇ ಅದರ ಮೇಲೆ ಕಿಡಿಕಾರುತ್ತಿದ್ದ. "ಮತ್ತೆ ಅದೇ ಆಟ. ಒಲೆಗೆ ಹಾಕ್ತೀನಿ ನೋಡು ಆ ಡಬ್ಬಾನ. ಯಾರ ಪರ್ಮಿಶನ್ ತಗಂಡು ಆಡ್ತೀಯೋ?" ಎನ್ನುವುದು, ತಮ್ಮ ಚಾಪೆ ಸುತ್ತಿಕೊಂಡು ಹಿತ್ತಿಲಿಗೆ ಹೋಗುವುದು, ಇದು ದಿನದ ಪಾಠ. ಈಗ ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಓದಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಯಾಕೆಂದರೆ ಅದು ಪೋಷಕರ ಮುಖ ತೋರಿಸಿ ಎಂದಿತ್ತು.

"ಮುಖವನ್ನು ಚೌಕಟ್ಟಿನೊಳಗೆ ತನ್ನಿ. ಈಗ ಕಣ್ಣು ಮಿಟುಕಿಸಿ" ಎಂದಿತು ಫೋನು. ಅಪ್ಪ ಮಿಟುಕಿಸಿದ. ಎಡಕ್ಕೆ ತಿರುಗು ಎಂದಿತು, ತಿರುಗಿದ. ಸಾಹೇಬರ ಮುಂದೆ ನಿಂತಾಗಲೂ ಅಷ್ಟು ವಿನಯ ಅವನಲ್ಲಿ ಕಂಡಿರಲಿಲ್ಲ. ಆಮೇಲೆ ಕೇಳಿತು, ನಿಮ್ಮ ಮಗುವಿಗೆ ಈ ಆಟ ಆಡಲು ಅನುಮತಿ ನೀಡುತ್ತೀರಾ ಎಂದು. ಕೆಳಗೆ ಎರಡು ಗುಂಡಿ, ಹೌದು ಮತ್ತು ಇಲ್ಲ.

ಅಪ್ಪ ಬಹಳ ಹೊತ್ತು ಬೆರಳು ಗಾಳಿಯಲ್ಲೇ ಹಿಡಿದಿದ್ದ. ಅವನು ಹೌದು ಒತ್ತಿದ.

ಅಷ್ಟಕ್ಕೆ ಮುಗಿಯಲಿಲ್ಲ. ಮಗು ದಿನಕ್ಕೆ ಎಷ್ಟು ಹೊತ್ತು ಆಡಬಹುದು ಎಂಬುದನ್ನು ಪೋಷಕರೇ ಗೊತ್ತು ಮಾಡಬೇಕಂತೆ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ, ಮಿತಿಯಿಲ್ಲ. "ಯಾವುದು ಒತ್ಲಿ ಅಪ್ಪಾ?" ಎಂದೆ.

"ಎಷ್ಟು ಬೇಕಾದ್ರೂ ಆಡ್ಲಿ ಬಿಡು" ಎಂದ ಅಪ್ಪ. ಹೇಳಿ ಎದ್ದು ಹಿತ್ತಿಲಿಗೆ ಹೋದ. ನಾನು ಮಿತಿಯಿಲ್ಲ ಎಂಬುದನ್ನು ಒತ್ತಿದೆ.

ದ್ವೀಪ ತೆರೆಯಿತು. ಅವ್ವ ಓಡಿ ಬಂದು ಕೂತಳು. ಆದರೆ ಯಾರೂ ಕರೆಯಲಿಲ್ಲ. ಚನ್ನಗಿರಿ ಎದುರಿಗೇ ನಿಂತಿದ್ದ, ದನಿ ಇಲ್ಲ. ಫೋನು ತಟ್ಟಿ ನೋಡಿದೆ, ದನಿ ಏರಿಸಿ ನೋಡಿದೆ. ಆಮೇಲೆ ಅವನೇ ನನ್ನ ನಂಬರಿಗೆ ಫೋನ್ ಮಾಡಿ ಹೇಳಿದ. "ಅಕ್ಕಾ, ನ್ಯಾಮತಿನ ಸಣ್ಣ ಹುಡುಗ್ರ ಪಟ್ಟಿಗೆ ಹಾಕ್ಯಾರೆ. ದೊಡ್ಡೋರ ಮಾತು ಸಣ್ಣೋರಿಗೆ ಕೇಳಂಗಿಲ್ಲ, ಅವರ ಮಾತು ನಮಗೆ ಕೇಳಂಗಿಲ್ಲ. ಹೊಸ ಕಾನೂನು ಹಂಗೈತಂತೆ."

ಅಷ್ಟರಲ್ಲಿ ತಮ್ಮನ ಫೋನಿನೊಳಗಿಂದ ಒಂದು ದನಿ ಬಂತು. ಮೆತ್ತಗೆ. "ನ್ಯಾಮತಿ... ನಾನಿದೀನೋ." ಜಗಳೂರು. ಡಿಗ್ರಿಯೂ ಇಲ್ಲ ಮಣ್ಣೂ ಇಲ್ಲ, ಅವಳಿಗೆ ಹದಿನಾರು. ಪಿಯುಸಿ ಮೊದಲ ವರ್ಷ. ಅವಳ ಅವ್ವ ಓದಿನ ಹೊತ್ತು ಬಿಟ್ಟು ಆಡು ಎಂದು ಅನುಮತಿ ಒತ್ತಿದ್ದಳಂತೆ.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಹೊನ್ನಾಳಿ ಬನ್ನು ಸೀದಾಗ ಆಡುತ್ತಿದ್ದ ಮಾತುಗಳೆಲ್ಲ ಆ ಕೂಸಿನ ಕಿವಿಗೆ ಬೀಳುತ್ತಿದ್ದವಲ್ಲ ಎಂದು ನೆನೆದು ಮೈ ಕುಗ್ಗಿತು. ಗುರುತಿಲ್ಲದ ಗಂಡಸರ ನಡುವೆ ಹದಿನಾರರ ಹುಡುಗಿ. ಕಾನೂನು ಮಾಡಿದವರಿಗೆ ಅವಳು ಕಂಡಿದ್ದಳು. ಅವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಅವರಿಗೆ ನಮ್ಮ ಅವ್ವ ಕಂಡಿರಲಿಲ್ಲ, ಅಷ್ಟೆ. ಅವಳು ಕಾಣುವಂಥ ಜಾಗದಲ್ಲಿ ಕೂತಿರಲಿಲ್ಲ.

ದೊಡ್ಡವರೂ ಆಡಬೇಕಾದರೆ ಮುಖ ತೋರಿಸಬೇಕಿತ್ತು. ಹೊನ್ನಾಳಿ ಆಟ ಬಿಟ್ಟ. "ನನ್ ಮುಖ ಅವರಿಗ್ಯಾಕೆ ಕೊಡ್ಲಿ? ಬೇಕರಿಗೆ ಬಂದ್ರೆ ಬನ್ನು ಕೊಡ್ತೀನಿ, ಮುಖ ಕೊಡಲ್ಲ" ಎಂದ. ಚನ್ನಗಿರಿ ಮುಖ ಕೊಟ್ಟು ಉಳಿದುಕೊಂಡ. ಮಾತಾಡಲಾಗದೆ ತನ್ನ ಗೊಂಬೆಯನ್ನು ಕೂರಿಸಿ ಎಬ್ಬಿಸಿ ಮಾಡುತ್ತಿದ್ದ, ನಾನಿದೀನಿ ಎಂಬುದಕ್ಕೆ ಗುರುತಾಗಿ. ಅವ್ವ ಬಗ್ಗಿ ನೋಡಿ, "ಪಾಪ, ಯಾಕೆ ಬಸ್ಕಿ ಹೊಡೀತೈತೆ ಆ ಹುಡುಗ? ಯಾರು ಹೊಡೆಸ್ತಿದಾರೆ?" ಎಂದು ಕೇಳಿದಳು. ಸರ್ಕಾರ ಎಂದೆ.

ಹೀಗೆ ಜಗಳೂರೊಬ್ಬಳೇ ಉಳಿದಳು. ಮೂವರ ಕೂಗನ್ನು ಒಬ್ಬಳೇ ಕೂಗುತ್ತಿದ್ದಳು ಪುಣ್ಯಾತ್ಮೆ. ಪರೀಕ್ಷೆ ಇದ್ದ ದಿನಗಳಲ್ಲಿ ಬರುತ್ತಿರಲಿಲ್ಲ, ಆ ದಿನ ಅವ್ವನ ಕಾಫಿ ಲೋಟದಲ್ಲೇ ಆರುತ್ತಿತ್ತು. ನೀವೇ ನಿಮ್ಮ ಮುಖ ತೋರಿಸಿ ಹೊಸದಾಗಿ ಸೇರಿಕೊಳ್ಳಿ ಎಂದು ಚನ್ನಗಿರಿ ನನಗೆ ಹೇಳಿದ. "ಸೇರ್ಕಂಡ್ರೆ ಅದು ನನ್ನ ಗೊಂಬೆ, ಅವಂದಲ್ಲ. ನನ್ನನ್ನ 'ಬಾರೋ' ಅಂತೀರಾ?" ಎಂದೆ. ನಾನೇನು ಆಟ ಆಡಲು ಕೂತಿದ್ದೆನೇ?

ದಾರಿ ಕಂಡುಹಿಡಿದವನು ಅಪ್ಪ. ಒಂದು ದಿನ ಕಚೇರಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲೇ ಹೇಳಿದ: "ಜೂನ್ ಒಂದಕ್ಕೆ ಅವಂಗೆ ಹದಿನೆಂಟು ತುಂಬ್ತೈತಲ್ಲ. ಆಮ್ಯಾಲೆ ದೊಡ್ಡೋರ ಪಟ್ಟಿಗೆ ಬರ್ತಾನೆ. ಎಲ್ಲರ ಮಾತೂ ಕೇಳಾಕೆ ಶುರುವಾಗ್ತೈತೆ." ತಮ್ಮ ಹೋದ ಮೇಲೆ ಅಪ್ಪನ ಮುಖದಲ್ಲಿ ಬೆಳಕು ಕಂಡದ್ದು ಅದೇ ಮೊದಲು. ತಾನು ಬರೆಸಿದ ಸುಳ್ಳು ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂಬ ಸಮಾಧಾನ ಇರಬೇಕು. ಕ್ಯಾಲೆಂಡರಿನಲ್ಲಿ ಜೂನ್ ಹಾಳೆ ತೆಗೆದು ಒಂದನೇ ತಾರೀಖಿಗೆ ಗುಂಡಗೆ ಸುತ್ತು ಹಾಕಿದ.

ನಾವು ಕಾದೆವು. ಸುಳ್ಳು ಹುಟ್ಟುಹಬ್ಬಕ್ಕೆ, ಇಲ್ಲದವನ ಹುಟ್ಟುಹಬ್ಬಕ್ಕೆ ಮೂರು ಜನ ದೊಡ್ಡವರು ಕಾದೆವು. ಹೊನ್ನಾಳಿಯೂ ಸೋತು ಮುಖ ಕೊಟ್ಟು ಮತ್ತೆ ಸೇರಿಕೊಂಡ. ಜೂನ್ ಒಂದರ ಸಂಜೆ ಎಲ್ಲರೂ ದ್ವೀಪದಲ್ಲಿ ಸೇರುವುದೆಂದು ಮಾತಾಯಿತು. ಜಗಳೂರಿನ ದನಿ ಮಾತ್ರ ಅಂದಿನಿಂದ ಕೇಳುವುದಿಲ್ಲ, ಅವಳು ಇನ್ನೂ ಸಣ್ಣವಳು. ಹಿಂದಿನ ಸಂಜೆ ಆಟ ಮುಗಿಸುವಾಗ ಅವಳು ಎಂದಿನ ಹಾಗೆ ಕಿರುಚಲಿಲ್ಲ. "ನಾಳೆಯಿಂದ ದೊಡ್ಡೋನಾಗ್ತೀಯ ನ್ಯಾಮತಿ. ನಾನು ಬಸ್ಕಿ ಹೊಡೀತಿರ್ತೀನಿ, ನೋಡು. ಮರೀಬ್ಯಾಡ್ವೋ" ಎಂದಳು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಚಾರ್ಜಿಗೆ ಹಾಕಿದೆ.

ಜೂನ್ ಒಂದರಂದು ಹೊನ್ನಾಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ದಿಲ್‌ಪಸಂದ್ ಪೊಟ್ಟಣ ಬಂತು, ಅವ್ವನಿಗೆ ಎಂದು ಬೇಕರಿಯವನು ಕಳಿಸಿದ್ದು. ಅಪ್ಪ ಬೇಗ ಮನೆಗೆ ಬಂದ. ಅವ್ವ ತಲೆ ಬಾಚಿಕೊಂಡು ಕೂತಳು. ದೀಪ ಹಾಕಿ ಆಟ ತೆರೆದೆ.

ದ್ವೀಪ ಇರಲಿಲ್ಲ. ಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರಿದವು. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಜೋರಾಗಿ ಓದಿದ. 'ಅಭಿನಂದನೆಗಳು! ನಿಮಗೆ ಹದಿನೆಂಟು ವರ್ಷ ತುಂಬಿದೆ. ಇನ್ನು ಮುಂದೆ ನಿಮಗೆ ಪೋಷಕರ ಅನುಮತಿ ಅಗತ್ಯವಿಲ್ಲ. ಮುಂದುವರಿಯಲು ನಿಮ್ಮ ಮುಖವನ್ನು ಚೌಕಟ್ಟಿನೊಳಗೆ ತನ್ನಿ.'

ಚೌಕಟ್ಟಿನೊಳಗೆ ನಮ್ಮ ಮನೆಯ ತಾರಸಿ ಕಾಣುತ್ತಿತ್ತು, ತಿರುಗುವ ಫ್ಯಾನು ಕಾಣುತ್ತಿತ್ತು.

ಹೊನ್ನಾಳಿ, ಚನ್ನಗಿರಿ ಮುಖ ಕೊಟ್ಟದ್ದು ಗೊತ್ತಿದ್ದೂ ಮೂರು ಜನರಲ್ಲಿ ಒಬ್ಬರಿಗೂ ಇದು ಮೊದಲೇ ಹೊಳೆದಿರಲಿಲ್ಲ. ಮಗುವಾಗಿದ್ದಾಗ ಅವನ ಮುಖ ಕೇಳಿರಲಿಲ್ಲ, ಅಪ್ಪನ ಮುಖ ಸಾಕಾಗಿತ್ತು. ದೊಡ್ಡವನಾದ ಮೇಲೆ ಅವನದೇ ಬೇಕು. ಅಪ್ಪ ಫೋನು ಕಸಿದುಕೊಂಡು ತನ್ನ ಮುಖ ಹಿಡಿದ, ಕೇಳುವ ಮೊದಲೇ ಕಣ್ಣು ಮಿಟುಕಿಸಿದ. ಹೊಂದಿಕೆಯಾಗುತ್ತಿಲ್ಲ ಎಂದಿತು. ನಾನು ಹಿಡಿದೆ. ನಮ್ಮಿಬ್ಬರದು ಒಂದೇ ಮೂಗು ಎನ್ನುತ್ತಿದ್ದರು ಎಲ್ಲರೂ. ಹೊಂದಿಕೆಯಾಗುತ್ತಿಲ್ಲ ಎಂದಿತು.

ಅಪ್ಪ ಫೋನನ್ನು ನಿಧಾನವಾಗಿ ಚಾಪೆಯ ಮೇಲಿಟ್ಟ. "ಇನ್ನ ನಮ್ಮನ್ನ ಕೇಳೋದು ಬ್ಯಾಡಂತೆ ಅವನು" ಎಂದ.

ಆಗ ನನ್ನ ಫೋನು ಬಡಿದುಕೊಂಡಿತು. ಚನ್ನಗಿರಿ, ಜೊತೆಗೆ ಹೊನ್ನಾಳಿಯನ್ನೂ ಸೇರಿಸಿಕೊಂಡಿದ್ದ. ಸ್ಪೀಕರಿಗೆ ಹಾಕಿದೆ. "ಅಕ್ಕಾ, ನಾವೆಲ್ಲ ಇಲ್ಲೇ ನಿಂತೀವಿ, ಜಗಳೂರು ಬಸ್ಕಿ ಹೊಡೆದು ಹೊಡೆದು ಸುಸ್ತಾಗೈತೆ. ಎಲ್ಲಿ ನ್ಯಾಮತಿ?" ಎಂದ. ಚಾಪೆಯ ಮೇಲಿದ್ದ ತಮ್ಮನ ಫೋನನ್ನು ನಾನು ಬೋರಲು ಹಾಕಿದೆ.

ಅವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಬಾಯಿಯ ಹತ್ತಿರ ಹಿಡಿದು, ಹೊಸ ಸುದ್ದಿ ಮುಟ್ಟಿಸುವವಳ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಅವನಿಲ್ಲಪ್ಪ. ಸತ್ತೋದ. ದೀಪಾವಳಿ ಆದ ವಾರ, ಹೊನ್ನಾಳಿ ರಸ್ತ್ಯಾಗೆ."

ಆ ಕಡೆ ತಟ್ಟೆ ಕೆಳಗಿಟ್ಟ ಸದ್ದು ಬಂತು. ಆಮೇಲೆ ಚನ್ನಗಿರಿ ಮೆಲ್ಲಗೆ, "ಗೊತ್ತೈತವ್ವ" ಎಂದ.

"ಹೂಂ, ನಿಮಗೆ ಗೊತ್ತಿತ್ತು" ಎಂದಳು ಅವ್ವ. "ನಂಗೆ ಗೊತ್ತಿರ್ಲಿಲ್ಲ."